ಲ್ಯಾಪ್‌ಟಾಪ್ ಹಳೇದು, ಓಎಸ್ ಯಾವುದು ಹಾಕೋಣ?

ಕಳೆದ ನವೆಂಬರ್‌ನಲ್ಲಿ, ಇಂಟರ್ನಲ್ಸ್ ಮುಗಿದ ವಾರ, ರಾತ್ರಿ ಊಟ ಆದಮೇಲೆ ನಮ್ಮ ಹಾಸ್ಟೆಲ್ ರೂಮಿನ ಬಾಗಿಲು ಯಾರೋ ತಟ್ಟಿದರು. ತೆಗೆದು ನೋಡಿದರೆ ಫಸ್ಟ್ ಇಯರ್ ಹುಡುಗಿ. ಕೈಯಲ್ಲಿ ತೆರೆದ ಲ್ಯಾಪ್‌ಟಾಪ್, ಇನ್ನೇನು ಅಳ್ತಾಳೆ ಅನ್ನೋ ಹಾಗಿದ್ದ ಮುಖ.

"ಅಕ್ಕ, ಇದು ಇನ್ನು ಕೆಲಸಕ್ಕೆ ಬರಲ್ವಂತೆ. ಹೊಸದು ತಗೋಬೇಕಂತೆ. ಅಪ್ಪಂಗೆ ಹೇಗೆ ಹೇಳಲಿ?"

ಸ್ಕ್ರೀನ್ ಮೇಲೆ ಒಂದು ಸಂದೇಶ ಇತ್ತು. ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ, ಈ ಪಿಸಿ ವಿಂಡೋಸ್ 11 ಹಾಕಲು ಅರ್ಹವಲ್ಲ ಅಂತ ಅದರ ಅರ್ಥ. ಕ್ಲಾಸಿನಲ್ಲಿ ಯಾರೋ ಅದನ್ನು ನೋಡಿ "ಇದು ಡೆಡ್, ಕನಿಷ್ಠ 45 ಸಾವಿರದ್ದು ತಗೋ" ಅಂದಿದ್ದರಂತೆ. ಅವಳ ಅಪ್ಪ ಎರಡು ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಮೂರು ತಿಂಗಳ ಹಿಂದಷ್ಟೇ 16 ಸಾವಿರ ಕೊಟ್ಟು ಈ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದ್ದರು. 45 ಸಾವಿರ ಅಂದರೆ ಆ ಮನೇಲಿ ಒಂದು ಹಸುವಿನ ಲೆಕ್ಕ.

ಅವತ್ತು ರಾತ್ರಿ ಅವಳಿಗೆ ಹೇಳಿದ್ದನ್ನು, ಆಮೇಲಿನ ಎರಡು ವಾರದಲ್ಲಿ ನಾವಿಬ್ಬರೂ ಮಾಡಿದ್ದನ್ನು ಇಲ್ಲಿ ಬರೀತಿದ್ದೀನಿ. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿರುತ್ತಾರೆ ಅನ್ನೋ ಧೈರ್ಯ. ಪುಸ್ತಕದ ಕನ್ನಡದಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ "ಕಾರ್ಯಾಚರಣಾ ವ್ಯವಸ್ಥೆ" ಅಂತಾರೆ. ಹಾಸ್ಟೆಲ್‌ನಲ್ಲಿ ಹಾಗೆ ಮಾತಾಡಿದರೆ ಎಲ್ಲರೂ ತಿರುಗಿ ನೋಡ್ತಾರೆ. ಹಾಗಾಗಿ ಓಎಸ್ ಅಂತಲೇ ಬರೀತೀನಿ.

ಕಟ್ಟೆ ಮತ್ತು ಅಟ್ಟ

ಅಡುಗೆಮನೆ ನೆನಪಿಸಿಕೊಳ್ಳಿ. ಒಲೆ ಪಕ್ಕದ ಕಟ್ಟೆ ಮೇಲೆ ಈಗ ಬೇಕಾದ ಸಾಮಾನು ಇರುತ್ತೆ: ಉಪ್ಪು, ಒಗ್ಗರಣೆ ಡಬ್ಬಿ, ಹೆಚ್ಚಿದ ತರಕಾರಿ. ಉಳಿದದ್ದೆಲ್ಲ ಅಟ್ಟದ ಮೇಲೆ. ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಅಂದರೆ ಆ ಕಟ್ಟೆ, ಡಿಸ್ಕ್ ಅಂದರೆ ಅಟ್ಟ. ಅಡುಗೆ ಮಾಡೋದು ಪ್ರೊಸೆಸರ್. ಯಾವ ಪ್ರೋಗ್ರಾಮ್‌ಗೆ ಕಟ್ಟೆ ಮೇಲೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಅಟ್ಟದಿಂದ ಏನನ್ನು ಇಳಿಸಬೇಕು, ಏನನ್ನು ವಾಪಸ್ ಏರಿಸಬೇಕು ಅಂತ ನೋಡಿಕೊಳ್ಳೋದು ಓಎಸ್. ಇದರ ಜೊತೆ ಕೀಬೋರ್ಡ್, ವೈಫೈ, ಸ್ಪೀಕರ್ ಜೊತೆ ಮಾತಾಡೋದೂ ಅದರದ್ದೇ ಕೆಲಸ.

ತೊಂದರೆ ಏನಪ್ಪಾ ಅಂದರೆ, ಓಎಸ್‌ಗೂ ಅದೇ ಕಟ್ಟೆ ಮೇಲೆ ಜಾಗ ಬೇಕು. 4 ಜಿಬಿ ಕಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಓಎಸ್ಸೇ ಹಿಡಿದರೆ ಬ್ರೌಸರ್, ಪಿಡಿಎಫ್, ಕೋಡ್ ಎಡಿಟರ್ ಎಲ್ಲ ಉಳಿದ ಮೂಲೆಯಲ್ಲಿ ಒತ್ತಿಕೊಂಡು ಕೂರಬೇಕು. ಜಾಗ ಸಾಲದಿದ್ದಾಗ ಓಎಸ್ ಕಟ್ಟೆ ಮೇಲಿನ ಕೆಲವನ್ನು ಅಟ್ಟಕ್ಕೆ ಏರಿಸುತ್ತೆ, ನೀವು ಆ ಟ್ಯಾಬ್ ಒತ್ತಿದಾಗ ಮತ್ತೆ ಇಳಿಸುತ್ತೆ. ಇದಕ್ಕೆ ಸ್ವಾಪಿಂಗ್ ಅಂತ ಹೆಸರು. ಏಣಿ ಹತ್ತಿ ಇಳಿಯೋ ಕೆಲಸ ಇದು. ಅಟ್ಟ ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ ನಿಮ್ಮ ತಾಳ್ಮೆ ನಿಂತಿದೆ.

ನಿಧಾನಕ್ಕೆ ಕಾರಣ ಓಎಸ್ ಒಂದೇ ಅಲ್ಲ

ಅವಳ ಲ್ಯಾಪ್‌ಟಾಪ್ ಹೀಗಿತ್ತು: ಇಂಟೆಲ್ ಐ5, ಆರನೇ ತಲೆಮಾರು. 4 ಜಿಬಿ ರ‍್ಯಾಮ್. 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10. ಬಟನ್ ಒತ್ತಿ ಬ್ರೌಸರ್ ತೆರೆಯೋ ಹೊತ್ತಿಗೆ ಸುಮಾರು ಐದು ನಿಮಿಷ, ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನೋಡಿದ್ದು.

ನಾನು ಮೊದಲು ಮಾಡಿದ್ದು ಟಾಸ್ಕ್ ಮ್ಯಾನೇಜರ್ ತೆರೆದದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತೆ. ನೀವೂ ಈಗಲೇ ಮಾಡಿ ನೋಡಿ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಪುಟಕ್ಕೆ ಹೋದರೆ ಸಿಪಿಯು, ಮೆಮೊರಿ, ಡಿಸ್ಕ್ ಮೂರರ ಗ್ರಾಫ್ ಕಾಣುತ್ತೆ. ಅವಳದ್ದರಲ್ಲಿ ಸಿಪಿಯು 12 ಪರ್ಸೆಂಟ್ ಆಸುಪಾಸಿನಲ್ಲಿ ಆರಾಮಾಗಿತ್ತು. ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡು ಕೂತಿತ್ತು. ಅಂದರೆ ಅಡುಗೆಯವರು ಕೈಕಟ್ಟಿ ನಿಂತಿದ್ದಾರೆ, ಏಣಿ ಹತ್ತಿದವನು ಇನ್ನೂ ಇಳಿದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಡೇಟಾ ತಲೆಯ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 5.5 ಮಿಲಿಸೆಕೆಂಡ್. ಅದಕ್ಕೂ ಮೊದಲು ಆ ತಲೆ ಸರಿಯಾದ ಟ್ರ್ಯಾಕ್‌ಗೆ ಸರಿಯಬೇಕು, ಅದಕ್ಕೊಂದು 10 ಮಿಲಿಸೆಕೆಂಡ್ ಇಟ್ಟುಕೊಳ್ಳಿ. ಒಟ್ಟು 15 ಆಯ್ತು. ಅಲ್ಲೊಂದು ಇಲ್ಲೊಂದು ಚೆದುರಿದ ಸಣ್ಣ ಸಣ್ಣ ತುಣುಕುಗಳನ್ನು ಓದೋದಾದರೆ ಸೆಕೆಂಡಿಗೆ 60–70 ಸಲ ಮಾತ್ರ ಸಾಧ್ಯ. ಓಎಸ್ ಬೂಟ್ ಆಗುವಾಗ ಓದೋದು ಇಂಥ ಸಾವಿರಾರು ತುಣುಕುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗೋ ತಟ್ಟೆಯೂ ಇಲ್ಲ, ಸರಿಯೋ ತಲೆಯೂ ಇಲ್ಲ. ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತೆ. ಅಟ್ಟವನ್ನೇ ಕೆಳಗಿಳಿಸಿ ಕಟ್ಟೆ ಪಕ್ಕದ ಕಪಾಟು ಮಾಡಿದ ಹಾಗೆ.

ಹಾಗಾಗಿ "ಯಾವ ಓಎಸ್ ಹಾಕಲಿ" ಅಂತ ಕೇಳೋಕೂ ಮುಂಚೆ ನಿಮ್ಮದರಲ್ಲಿ ಇರೋದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ನೋಡಿಕೊಳ್ಳಿ. ಆ ಡಿಸ್ಕ್ ಪುಟದಲ್ಲೇ ಬರೆದಿರುತ್ತೆ. ಹಾರ್ಡ್ ಡಿಸ್ಕ್ ಇದ್ದರೆ ಯಾವ ಓಎಸ್ ಹಾಕಿದರೂ ಅರ್ಧ ನೋವು ಹಾಗೇ ಉಳಿಯುತ್ತೆ. ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಅಂತಲೂ ಇರುತ್ತೆ, ಅದನ್ನೂ ಬರೆದಿಟ್ಟುಕೊಳ್ಳಿ. ಕೆಲವು ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 64 ಜಿಬಿ ಇಎಂಎಂಸಿ ಅಂತ ಮದರ್‌ಬೋರ್ಡ್‌ಗೇ ಬೆಸೆದ ಸ್ಟೋರೇಜ್ ಇರುತ್ತೆ, ರ‍್ಯಾಮ್ ಕೂಡ ಬೆಸೆದದ್ದೇ. ಅಂಥದ್ದರಲ್ಲಿ ಬದಲಾಯಿಸೋಕೆ ಏನೂ ಇಲ್ಲ. ಹೊಸದು ಕೊಳ್ಳೋರು ಅದಕ್ಕಿಂತ ನಾಲ್ಕೈದು ವರ್ಷ ಹಳೇ ಆಫೀಸ್ ಲ್ಯಾಪ್‌ಟಾಪ್ ತಗೊಂಡರೆ ವಾಸಿ, ಇದು ನನ್ನ ಅಭಿಪ್ರಾಯ.

ವಿಂಡೋಸ್ 11 ಯಾಕೆ ಬೇಡ ಅಂತು

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅದು ಕೇಳೋದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಮಾಡಬಲ್ಲ ಯುಇಎಫ್‌ಐ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್. ಇದರ ಮೇಲೆ ಮೈಕ್ರೋಸಾಫ್ಟ್ ಪ್ರೊಸೆಸರ್‌ಗಳ ಒಂದು ಪಟ್ಟಿ ಇಟ್ಟಿದೆ. ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮೇಲಿನವು ಮಾತ್ರ ಅದರಲ್ಲಿವೆ. ಆರನೇ ತಲೆಮಾರಿನ ಐ5 ಕೆಲಸ ಮಾಡೋಕೆ ಆಗದೆ ಹೊರಗೆ ನಿಂತಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ ಅಂತ ನಿಂತಿದೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಾಗಂದರೆ ಅವತ್ತಿನಿಂದ ಲ್ಯಾಪ್‌ಟಾಪ್ ನಿಂತುಹೋಯಿತು ಅಂತ ಅಲ್ಲ. ಹೊಸದಾಗಿ ಸಿಗೋ ಭದ್ರತಾ ದೋಷಗಳಿಗೆ ತೇಪೆ ಬರಲ್ಲ ಅಂತ. ಯುಪಿಐ, ಸ್ಕಾಲರ್‌ಶಿಪ್ ಪೋರ್ಟಲ್, ಆಧಾರ್ ಎಲ್ಲ ಅದರಲ್ಲೇ ತೆರೆಯೋರಿಗೆ ಇದು ಸಣ್ಣ ವಿಷಯ ಅಲ್ಲ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟರು, ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಅದು ದುಡ್ಡಿಲ್ಲದೆ ಸಿಗುತ್ತಿತ್ತು. ಅವಳಿಗೆ ಆ ರಾತ್ರಿ ಮೊದಲು ಮಾಡಿಸಿದ್ದು ಅದನ್ನೇ, ನಿಧಾನವಾಗಿ ಯೋಚಿಸೋಕೆ ಟೈಮ್ ಬೇಕಿತ್ತು.

ಪಟ್ಟಿಯನ್ನು ದಾಟಿ ವಿಂಡೋಸ್ 11 ಹಾಕೋ ದಾರಿಗಳೂ ಇವೆ, ನಮ್ಮ ಫ್ಲೋರ್‌ನಲ್ಲೇ ಇಬ್ಬರು ಹಾಕಿಕೊಂಡಿದ್ದಾರೆ. ಆದರೆ ಹಾಗೆ ಹಾಕಿದವಕ್ಕೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನೋ ಖಾತರಿ ಮೈಕ್ರೋಸಾಫ್ಟ್ ಕೊಡಲ್ಲ. 4 ಜಿಬಿ ಲ್ಯಾಪ್‌ಟಾಪ್‌ಗಂತೂ ಅದು ದಂಡ. ಇನ್ನು ಕ್ರ್ಯಾಕ್ ಮಾಡಿದ ವಿಂಡೋಸ್ ಬಗ್ಗೆ ಹೇಳೋದೇ ಬೇಡ. ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಮ್‌ಗೆ ಅಡ್ಮಿನ್ ಅನುಮತಿ ಕೊಟ್ಟು, ಆಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕ್ತೀವಿ.

ಬ್ರಾಂಚ್ ಏನು ಅಂತ ಮೊದಲು ಹೇಳಿ

ಲಿನಕ್ಸ್ ಅಂದರೆ ಪ್ರಾಣ ಬಿಡೋ ಸೀನಿಯರ್‌ಗಳು ಈ ಪ್ರಶ್ನೆ ಕೇಳೋದೇ ಇಲ್ಲ. ನಾನು ಮೊದಲು ಕೇಳೋದು ಇದನ್ನೇ.

ಸಿವಿಲ್ ಅಥವಾ ಮೆಕ್ಯಾನಿಕಲ್ ಆದರೆ ವಿಂಡೋಸ್ ಬಿಡಬೇಡಿ. ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ರೆವಿಟ್, ಸ್ಟಾಡ್ ಪ್ರೊ, ಇಟ್ಯಾಬ್ಸ್ ಇವು ವಿಂಡೋಸ್‌ಗೇ ಬರೆದಂಥವು. ಆಟೋಕ್ಯಾಡ್ ಮ್ಯಾಕ್‌ಗೂ ಇದೆ, ಲಿನಕ್ಸ್‌ಗೆ ಇಲ್ಲ. ಫ್ರೀಕ್ಯಾಡ್ ಒಳ್ಳೇದೇ, ನಾನೇ ಒಂದು ಸಣ್ಣ ಡಬ್ಬಿ ಡಿಸೈನ್ ಮಾಡಿ 3ಡಿ ಪ್ರಿಂಟ್ ಹೊಡೆಸಿದ್ದೀನಿ. ಆದರೆ ಲ್ಯಾಬ್ ಎಕ್ಸಾಮ್‌ನಲ್ಲಿ ಎಕ್ಸಾಮಿನರ್ ಮುಂದೆ ಅದನ್ನು ತೆರೆಯೋಕೆ ಆಗಲ್ಲ. ಇಂಥವರು ದುಡ್ಡನ್ನು ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಹಾಕೋದು ಸರಿ.

ಇಸಿ ನಮ್ಮದು, ಮಧ್ಯದವರು. ಮೈಕ್ರೋಕಂಟ್ರೋಲರ್ ಲ್ಯಾಬ್‌ನ ಕೀಲ್ ಮೈಕ್ರೋವಿಷನ್ ವಿಂಡೋಸ್‌ನಲ್ಲಿ ಮಾತ್ರ. ಅತ್ತ ಮ್ಯಾಟ್‌ಲ್ಯಾಬ್, ವಿವಾಡೊ, ಕೈಕ್ಯಾಡ್, ಆರ್ಡುಯಿನೊ ಎಲ್ಲ ಲಿನಕ್ಸ್‌ನಲ್ಲೂ ಇವೆ. ವಿಎಲ್‌ಎಸ್‌ಐ ಕಡೆ ಹೋಗೋರಿಗೆ ಕೇಡೆನ್ಸ್ ಟೂಲ್‌ಗಳು ಲಿನಕ್ಸ್ ಮೇಲೇ ಓಡೋದು, ಲ್ಯಾಬಿಗೆ ಹೋದ ಮೊದಲ ದಿನ ಟರ್ಮಿನಲ್ ನೋಡಿ ಬೆವರೋದು ತಪ್ಪುತ್ತೆ. ಎರಡೂ ಓಎಸ್ ಇಟ್ಟುಕೊಂಡರೆ ಒಳ್ಳೇದು.

ಸಿಎಸ್, ಐಎಸ್ ಕಡೆಯವರಿಗೆ ಲಿನಕ್ಸ್ ಅನುಕೂಲವೇ ಹೆಚ್ಚು. ಸಿ, ಪೈಥಾನ್, ಜಾವಾ, ಗಿಟ್ ಇವೆಲ್ಲ ಅಲ್ಲಿ ಮನೆಯವರು. ಮೂರನೇ ಸೆಮಿಸ್ಟರ್‌ನ ಓಎಸ್ ಲ್ಯಾಬಿನಲ್ಲಿ ಫೋರ್ಕ್ ಅನ್ನೋ ಸಿಸ್ಟಮ್ ಕಾಲ್ ಬರುತ್ತೆ, ಒಂದು ಪ್ರೋಸೆಸ್ ತನ್ನದೇ ನಕಲನ್ನು ಹುಟ್ಟಿಸೋದು. ಅದು ಯುನಿಕ್ಸ್ ಮನೆತನದ್ದು. ವಿಂಡೋಸ್‌ನ ಮಾಮೂಲಿ ಸಿ ಕಂಪೈಲರ್‌ನಲ್ಲಿ ಆ ಪ್ರೋಗ್ರಾಮ್ ಕಂಪೈಲೇ ಆಗಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಅಂತ ಒಂದು ವ್ಯವಸ್ಥೆ ಇದೆ, 8 ಜಿಬಿಗಿಂತ ಜಾಸ್ತಿ ಇರೋರಿಗೆ ಅದು ಸುಲಭದ ದಾರಿ. 4 ಜಿಬಿಯಲ್ಲಿ ಒಂದು ಕಟ್ಟೆ ಮೇಲೆ ಎರಡು ಮನೆ ಅಡುಗೆ ಆಗುತ್ತೆ.

ಎಲ್ಲರಿಗೂ ಇನ್ನೊಂದು ಎಚ್ಚರಿಕೆ. ಆನ್‌ಲೈನ್ ಟೆಸ್ಟ್‌ಗಳಿಗೆ ಬಳಸೋ ಸೇಫ್ ಎಕ್ಸಾಮ್ ಬ್ರೌಸರ್‌ನಂಥವು ಲಿನಕ್ಸ್‌ನಲ್ಲಿ ಬರಲ್ಲ. ಥರ್ಡ್ ಇಯರ್‌ನಲ್ಲಿ ಪ್ಲೇಸ್‌ಮೆಂಟ್ ಟೆಸ್ಟ್ ಶುರುವಾದಾಗ ವಿಂಡೋಸ್ ಇರೋ ಒಂದು ಮೆಷಿನ್ ಎಲ್ಲಿದೆ ಅಂತ ಗೊತ್ತಿರಬೇಕು, ಗೆಳತಿಯದ್ದೋ, ಕಾಲೇಜ್ ಲ್ಯಾಬಿನದ್ದೋ.

ಅವಳು ಸಿಎಸ್. ಫಸ್ಟ್ ಇಯರ್ ಡ್ರಾಯಿಂಗ್‌ಗೆ ಸಾಲಿಡ್ ಎಡ್ಜ್ ಬೇಕು, ಆದರೆ ಅದು ಒಂದೇ ಸೆಮಿಸ್ಟರ್, ಸಂಜೆ 6ರವರೆಗೆ ಲ್ಯಾಬ್ ತೆರೆದಿರುತ್ತೆ. ಅವಳಿಗೆ ಲಿನಕ್ಸ್ ಅಂತ ಅಲ್ಲಿಗೆ ತೀರ್ಮಾನ ಆಯ್ತು.

ಲಿನಕ್ಸ್‌ನಲ್ಲಿ ಯಾವುದು

1991ರಲ್ಲಿ ಹೆಲ್ಸಿಂಕಿ ಯೂನಿವರ್ಸಿಟಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತನ್ನ ಪಿಸಿಗಾಗಿ ಒಂದು ಕರ್ನಲ್ ಬರೆಯೋಕೆ ಕೂತಾಗ ಅವನಿಗೆ 21 ವರ್ಷ. ನನಗಿಂತ ಎರಡೇ ವರ್ಷ ದೊಡ್ಡವನು ಅಂತ ನೆನೆಸಿಕೊಂಡರೆ ಸ್ವಲ್ಪ ಸಂಕಟ ಆಗುತ್ತೆ. ಆ ಕರ್ನಲ್ ಮೇಲೆ ಬೇರೆ ಬೇರೆ ತಂಡಗಳು ಡೆಸ್ಕ್‌ಟಾಪ್, ಸೆಟ್ಟಿಂಗ್ಸ್, ಸಾಫ್ಟ್‌ವೇರ್ ಸೇರಿಸಿ ಕೊಡೋ ಕಟ್ಟುಗಳಿಗೆ ಡಿಸ್ಟ್ರೋ ಅಂತಾರೆ. ಡೆಬಿಯನ್ 1993ರದ್ದು, ಅದರ ಮೇಲೆ ಕಟ್ಟಿದ ಉಬುಂಟು 2004ರದ್ದು, ಉಬುಂಟು ಮೇಲೆ ಕಟ್ಟಿದ್ದು ಲಿನಕ್ಸ್ ಮಿಂಟ್. ಫೆಡೋರಾ, ಆರ್ಚ್ ಬೇರೆ ಮನೆತನಗಳು. ಆರ್ಚ್ ಹಾಕಿದೀನಿ ಅಂತ ಹೇಳಿಕೊಳ್ಳೋಕೆ ಆರ್ಚ್ ಹಾಕೋರು ಎಲ್ಲ ಕಾಲೇಜಿನಲ್ಲೂ ಇರ್ತಾರೆ, ಅವರ ಮಾತು ಎಕ್ಸಾಮ್ ಮುಗಿದಮೇಲೆ ಕೇಳಿ.

ಹೊಸಬರಿಗೆ ನನ್ನ ಆಯ್ಕೆ ಮಿಂಟ್. ವಿಂಡೋಸ್ ಬಳಸಿದ ಕೈಗೆ ಅದರ ಮೆನು, ಕೆಳಗಿನ ಪಟ್ಟಿ ಅಪರಿಚಿತ ಅನ್ನಿಸಲ್ಲ. ಅದು ಕೇಳೋದು 2 ಜಿಬಿ ರ‍್ಯಾಮ್, ಆರಾಮಾಗಿರಬೇಕಾದರೆ 4. ಜಾಗ 20 ಜಿಬಿ, ಆರಾಮಿಗೆ 100. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಡೆಸ್ಕ್‌ಟಾಪ್‌ಗಳಲ್ಲಿ ಸಿಗುತ್ತೆ. 4 ಜಿಬಿಗೆ ಎಕ್ಸ್‌ಎಫ್‌ಸಿಇ, 8 ಇದ್ದರೆ ಸಿನಮನ್. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಅಂದರೆ ಈಗಿನ ಫಸ್ಟ್ ಇಯರ್‌ನವರ ಡಿಗ್ರಿ ಮುಗಿಯೋವರೆಗೂ. ಬರೀ ಬ್ರೌಸರ್ ಸಾಕು ಅನ್ನೋ ಮನೆಯವರಿಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ಇದೆ, ಆದರೆ ಅದರಲ್ಲಿ ಪ್ಲೇ ಸ್ಟೋರ್ ಆ್ಯಪ್‌ಗಳು ಬರಲ್ಲ.

ಒಂದು ಭ್ರಮೆ ಬೇಡ. ಓಎಸ್ ಹಗುರ ಆದರೆ ಬ್ರೌಸರ್ ಹಗುರ ಆಗಲ್ಲ. ಹದಿನೈದು ಟ್ಯಾಬ್ ತೆರೆದಿಟ್ಟರೆ ಲಿನಕ್ಸ್‌ನಲ್ಲೂ 4 ಜಿಬಿ ಖಾಲಿ.

ಅಕ್ಕನ ಮದುವೆ ಫೋಟೋ

ಫಸ್ಟ್ ಸೆಮ್‌ನಲ್ಲಿ ನಾನು ನನ್ನ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದೆ. ರಾತ್ರಿ ಒಂದೂವರೆ, ಯೂಟ್ಯೂಬ್ ವೀಡಿಯೋವನ್ನು ಎರಡರ ವೇಗದಲ್ಲಿ ಓಡಿಸಿಕೊಂಡು. ಇನ್‌ಸ್ಟಾಲರ್ ಒಂದು ಕಡೆ ಕೇಳುತ್ತೆ: ವಿಂಡೋಸ್ ಪಕ್ಕದಲ್ಲಿ ಹಾಕಲೋ, ಡಿಸ್ಕ್ ಪೂರ್ತಿ ಅಳಿಸಿ ಹಾಕಲೋ? ನಿದ್ದೆಗಣ್ಣಲ್ಲಿ ಎರಡನೇದು ಒತ್ತಿದೆ. ನೋಟ್ಸ್ ಹೋದದ್ದು ಹೋಗಲಿ, ಗೆಳತಿಯರ ಹತ್ರ ಸಿಕ್ಕಿತು. ಅಕ್ಕನ ಮದುವೆಯಲ್ಲಿ ನಾನೇ ತೆಗೆದ ಫೋಟೋಗಳು, ಧಾರೆಯ ಹೊತ್ತಿನಲ್ಲಿ ಅಜ್ಜಿ ಕಣ್ಣೊರೆಸಿಕೊಂಡದ್ದು, ಅವು ಬೇರೆ ಎಲ್ಲೂ ಇರಲಿಲ್ಲ. ಮೆಮೊರಿ ಕಾರ್ಡ್ ಯಾವಾಗಲೋ ಫಾರ್ಮ್ಯಾಟ್ ಮಾಡಿದ್ದೆ. ಅಕ್ಕ ಬೈಯಲಿಲ್ಲ. "ಹೋಗ್ಲಿ ಬಿಡು ಪುಟ್ಟಿ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲಿಂದ ಯಾರ ಲ್ಯಾಪ್‌ಟಾಪ್ ಮುಟ್ಟಿದರೂ ಮೊದಲು ಯೋಚಿಸೋದು, ನಾವು ಮಾಡೋದು ಇಷ್ಟ ಆಗದಿದ್ದರೆ ವಾಪಸ್ ಹೋಗೋ ದಾರಿ ಇದೆಯಾ ಅಂತ. ಹಳೇ ಲ್ಯಾಪ್‌ಟಾಪ್‌ಗೆ ಅಂಥ ಒಂದು ಉಪಾಯ ಇದೆ: ಹಳೇ ಡಿಸ್ಕ್ ಅಳಿಸಬೇಡಿ, ಬಿಚ್ಚಿಡಿ.

ಅವಳಿಗೆ 256 ಜಿಬಿ ಸಾಟಾ ಎಸ್‌ಎಸ್‌ಡಿ ತಂದೆವು, 1,900 ರೂಪಾಯಿ. ಹಳೇ ಹಾರ್ಡ್ ಡಿಸ್ಕ್ ಹಾಕೋಕೆ ಒಂದು ಯುಎಸ್‌ಬಿ ಕೇಸ್, 350. ಥರ್ಡ್ ಇಯರ್ ಸೀನಿಯರ್ ಒಬ್ಬರು ತಮ್ಮ ರ‍್ಯಾಮ್ ಹೆಚ್ಚಿಸಿಕೊಂಡಾಗ ಉಳಿದಿದ್ದ 4 ಜಿಬಿ ಕಡ್ಡಿಯನ್ನು ಪುಕ್ಕಟೆ ಕೊಟ್ಟರು. (ಆರನೇ ತಲೆಮಾರಿನಲ್ಲಿ ಡಿಡಿಆರ್3ಎಲ್ ಇರೋವೂ ಇವೆ, ಡಿಡಿಆರ್4 ಇರೋವೂ ಇವೆ. ಒಂದಕ್ಕೆ ಇನ್ನೊಂದು ಕೂರಲ್ಲ, ಹಳೇ ಕಡ್ಡಿಯ ಮೇಲಿನ ಚೀಟಿ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ. ಬೆಲೆಗಳು ನಾವು ಕೊಟ್ಟಾಗಿನವು. ಆಮೇಲೆ ರ‍್ಯಾಮ್ ಬೆಲೆ ತುಂಬಾ ಏರಿದೆ, ವಿಚಾರಿಸಿ.) ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ತೆಗೆಯೋಕೆ ಬರುವ ಬ್ಯಾಟರಿಯಾದ್ದರಿಂದ ಅದನ್ನೂ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿದೆವು. ಸ್ಕ್ರೂಗಳನ್ನು ಯಾವುದು ಎಲ್ಲಿಂದ ಬಂತೋ ಅದೇ ಜಾಗದ ಚಿತ್ರ ಬಿಡಿಸಿದ ಹಾಳೆ ಮೇಲೆ ಇಟ್ಟೆವು. ಹಾರ್ಡ್ ಡಿಸ್ಕ್ ಹೊರಗೆ, ಎಸ್‌ಎಸ್‌ಡಿ ಒಳಗೆ. ಇಪ್ಪತ್ತು ನಿಮಿಷದ ಕೆಲಸ.

ಈಗ ಅವಳ ವಿಂಡೋಸ್ 10, ಫೈಲ್‌ಗಳು, ಅಪ್ಪ ಕಟ್ಟಿಸಿಕೊಟ್ಟ ಹಾಗೇ ಆ ಹಳೇ ಡಿಸ್ಕ್‌ನಲ್ಲಿ ಭದ್ರ. ಮಿಂಟ್ ಹಿಡಿಸದಿದ್ದರೆ ಅದನ್ನು ಮತ್ತೆ ಒಳಗೆ ಕೂರಿಸಿದರೆ ಆಯ್ತು. (ಯುಎಸ್‌ಬಿ ಕೇಸಿನಿಂದ ವಿಂಡೋಸ್ ಬೂಟ್ ಆಗಲಿ ಅಂತ ನಿರೀಕ್ಷಿಸಬೇಡಿ. ಫೈಲ್ ಓದೋಕೆ ಮಾತ್ರ ಅದು.) ನನ್ನನ್ನು ಮುಳುಗಿಸಿದ "ಡಿಸ್ಕ್ ಪೂರ್ತಿ ಅಳಿಸಿ" ಅನ್ನೋ ಬಟನ್ ಒತ್ತುವಾಗ ಈ ಸಲ ಒಳಗೆ ಇದ್ದದ್ದು ಖಾಲಿ ಡಿಸ್ಕ್. ಆದರೂ ನನ್ನ ಬೆರಳು ಸ್ವಲ್ಪ ಹೊತ್ತು ನಿಂತಿತು.

ಹಾಕೋ ಮುಂಚೆ ಪೆನ್‌ಡ್ರೈವ್‌ನಿಂದ ನೋಡಿ

ಡಿಸ್ಕ್ ಬದಲಿಸೋ ಮುಂಚೆಯೇ ಮಿಂಟ್ ಹೇಗಿರುತ್ತೆ ಅಂತ ಅವಳಿಗೆ ತೋರಿಸಿದ್ದೆ. 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್ ವೆಬ್‌ಸೈಟಿನಿಂದ ಐಎಸ್‌ಒ ಫೈಲ್ ಇಳಿಸಿ, ಅಲ್ಲೇ ಕೊಟ್ಟಿರೋ ಚೆಕ್‌ಸಮ್ ಜೊತೆ ತಾಳೆ ನೋಡಿ, ರೂಫಸ್ ಅಥವಾ ಎಚರ್ ಅನ್ನೋ ಪ್ರೋಗ್ರಾಮ್‌ನಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿಸಿಹೋಗುತ್ತೆ, ನೆನಪಿರಲಿ. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತಬೇಕು. ಕಂಪನಿಗೆ ತಕ್ಕ ಹಾಗೆ ಅದು ಎಫ್12, ಎಫ್9, ಎಸ್ಕೇಪ್ ಹೀಗೆ ಏನಾದರೂ ಇರಬಹುದು. ಪೆನ್‌ಡ್ರೈವ್‌ನಿಂದಲೇ ಮಿಂಟ್ ತೆರೆದುಕೊಳ್ಳುತ್ತೆ, ನೀವಾಗಿ ಇನ್‌ಸ್ಟಾಲ್ ಒತ್ತೋವರೆಗೆ ಒಳಗಿನ ಡಿಸ್ಕ್ ಮುಟ್ಟಲ್ಲ. ಸ್ವಲ್ಪ ನಿಧಾನ ಇರುತ್ತೆ, ಅದು ಪೆನ್‌ಡ್ರೈವ್‌ನ ತಪ್ಪು.

ಅಲ್ಲಿ ಅರ್ಧ ಗಂಟೆ ಕೂತು ಒಂದೊಂದೇ ಪರೀಕ್ಷೆ ಮಾಡಿ: ವೈಫೈ, ಸ್ಪೀಕರ್, ಮೈಕ್, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚು ಕಡಿಮೆ ಮಾಡೋ ಕೀ. ಮುಚ್ಚಳ ಮುಚ್ಚಿ ತೆಗೆದು ನಿದ್ದೆಯಿಂದ ಏಳುತ್ತಾ ನೋಡಿ. ಹೆಚ್ಚಾಗಿ ಕೈಕೊಡೋದು ವೈಫೈ. ಆಗ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತೆ. ಇನ್‌ಸ್ಟಾಲ್ ಆದಮೇಲೆ ಡ್ರೈವರ್ ಮ್ಯಾನೇಜರ್ ಅದೇ ನೆಟ್‌ನಿಂದ ಬೇಕಾದ ಡ್ರೈವರ್ ಹುಡುಕಿಕೊಳ್ಳುತ್ತೆ.

ಹೊಸ ಲ್ಯಾಪ್‌ಟಾಪ್ ಇದ್ದು ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಬೇಕು ಅನ್ನೋ ನಮ್ಮ ಇಸಿ ಜನಕ್ಕೆ ಎರಡು ಮಾತು. ವಿಂಡೋಸ್ 11ರಲ್ಲಿ ಡಿಸ್ಕ್ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ ಆಗಿರಬಹುದು. ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಬಿಟ್‌ಲಾಕರ್ ರಿಕವರಿ ಕೀ ಹುಡುಕಿ ಹಾಳೆ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಕೆಲಸ. ಆ 48 ಅಂಕಿ ಇಲ್ಲದೆ ಬೆಳಗಿನ ಜಾವ ಮೂರು ಗಂಟೆಗೆ ನೀಲಿ ಸ್ಕ್ರೀನ್ ಮುಂದೆ ಕೂತವರನ್ನು ನೋಡಿದ್ದೀನಿ. ಇನ್ನೊಂದು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ. ಬ್ಯಾಕಪ್ ಬಗ್ಗೆ ಅಕ್ಕನನ್ನು ಕೇಳಿ.

ಕನ್ನಡ ಟೈಪಿಂಗ್

ಇದು ಕನ್ನಡ ಸಂಘದ ಪತ್ರಿಕೆ, ಆದ್ದರಿಂದ ಇದು ಹೇಳಲೇಬೇಕು. ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ ಅನ್ನೋದು ಸುಳ್ಳು. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ "ಕನ್ನಡ" ಅಂತ ಇರೋದು ಇನ್‌ಸ್ಕ್ರಿಪ್ಟ್, "ಕನ್ನಡ ಕಗಪ ಫೋನೆಟಿಕ್" ಅಂತ ಇರೋದು ನುಡಿ ಬಳಸಿದ ಕೈಗೆ ಹತ್ತಿರದ್ದು. ಬೇಕಾದ್ದು ಸೇರಿಸಿಕೊಂಡರೆ ಆಯ್ತು, ಬೇರೆ ಏನೂ ಇಳಿಸಬೇಕಿಲ್ಲ. ನೋಟೋ, ಲೋಹಿತ್, ಗುಬ್ಬಿ, ನವಿಲು ಹೀಗೆ ಯೂನಿಕೋಡ್ ಫಾಂಟ್‌ಗಳು ಸಿಗುತ್ತವೆ. ಈ ಲೇಖನ ಟೈಪ್ ಮಾಡಿದ್ದೂ ಮಿಂಟ್‌ನಲ್ಲೇ.

ಕಷ್ಟ ಬರೋದು ಹಳೇ ನುಡಿ ಫೈಲ್‌ಗಳಲ್ಲಿ. ಯೂನಿಕೋಡ್ ಅಲ್ಲದ ನುಡಿಯಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತೆ. ನಮ್ಮ ಸಂಘದ ಹಳೇ ಸಂಚಿಕೆಗಳಲ್ಲೂ ಇಂಥವು ಇವೆ. ಯೂನಿಕೋಡ್‌ಗೆ ಪರಿವರ್ತಿಸೋ ಟೂಲ್‌ಗಳಿವೆ, ಆದರೆ ಅರ್ಕಾವತ್ತು ಇರೋ ಕಡೆ ಒಂದು ಸಲ ಕಣ್ಣಾಡಿಸಿ.

ಆಮೇಲೆ ಏನಾಯ್ತು

ಈಗ ಅವಳ ಲ್ಯಾಪ್‌ಟಾಪ್ ಬೂಟ್ ಆಗೋಕೆ 25 ಸೆಕೆಂಡ್. ಸುಮ್ಮನೆ ಇದ್ದಾಗ ರ‍್ಯಾಮ್ ಬಳಕೆ 1 ಜಿಬಿ ಒಳಗೆ. ಅಪ್ಪನ ಹತ್ರ ಕೇಳಿದ್ದು 45 ಸಾವಿರ ಅಲ್ಲ, 2,250. "ಅಷ್ಟೇನಾ? ಸರಿಯಾಗಿ ಕೇಳಿದ್ಯಾ ಮಗಾ?" ಅಂತ ಎರಡು ಸಲ ಕೇಳಿದರಂತೆ.

ಎಲ್ಲ ಸಲೀಸಾಗಿ ಆಯ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಲಿಬ್ರೆಆಫೀಸ್‌ನಲ್ಲಿ ಮಾಡಿದ ರೆಕಾರ್ಡ್ ಫೈಲನ್ನು ಜೆರಾಕ್ಸ್ ಅಂಗಡಿಯ ವರ್ಡ್‌ನಲ್ಲಿ ತೆರೆದಾಗ ಟೇಬಲ್‌ಗಳೆಲ್ಲ ಮುಂದಿನ ಪುಟಕ್ಕೆ ಜಾರಿ 14 ಪುಟ ದಂಡ ಆಯ್ತು. ಅವತ್ತು ನನಗೆ ಚೆನ್ನಾಗೇ ಬೈಗುಳ ಬಿತ್ತು. ಅಂದಿನಿಂದ ಪ್ರಿಂಟಿಗೆ ಪಿಡಿಎಫ್ ಮಾತ್ರ ಒಯ್ಯುತ್ತಾಳೆ. ಗುಂಪಿನಲ್ಲಿ ಮಾಡೋ ಪಿಪಿಟಿಗಳನ್ನು ಬ್ರೌಸರ್‌ನಲ್ಲೇ ಮಾಡ್ತಾಳೆ. ಡ್ರಾಯಿಂಗ್ ಸಬ್ಮಿಷನ್ ವಾರ ಲ್ಯಾಬಿನಲ್ಲಿ ಸಿಸ್ಟಮ್ ಸಿಗದೆ ರೂಮ್‌ಮೇಟ್ ಲ್ಯಾಪ್‌ಟಾಪ್‌ಗೆ ಕಾಯಬೇಕಾಯ್ತು. ಹಳೇ ಡಿಸ್ಕ್ ಒಳಗೆ ಹಾಕಿಕೊಡ್ಲಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಬೇಡ ಅಕ್ಕ, ಆ ಐದು ನಿಮಿಷ ಇನ್ನು ಕಾಯೋಕಾಗಲ್ಲ" ಅಂದಳು.

ಮಿಂಟ್ ಇರೋ ಪೆನ್‌ಡ್ರೈವ್ ನನ್ನ ಹತ್ರ ಯಾವಾಗಲೂ ಇರುತ್ತೆ, ಸಣ್ಣ ಸ್ಕ್ರೂಡ್ರೈವರ್ ಸೆಟ್ ಕೂಡ. ನೋಡಬೇಕು ಅನ್ನೋರು ಶನಿವಾರ ಸಂಘದ ರೂಮಿಗೆ ಬನ್ನಿ. ಚಾರ್ಜರ್ ಮರೀಬೇಡಿ, ಹಳೇ ಬ್ಯಾಟರಿ ನಂಬೋಕಾಗಲ್ಲ.